ಮೈನ್‌ಹೆಡ್‌ಗೆ ಹೊರಡುವ ಮೊದಲು ಅರಸು ರಸ್ತೆಯಲ್ಲಿ ಕೊಂಡ ಶೂ

ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ಎಂಬ ಕಡಲ ತೀರದ ಕಾಲುದಾರಿ ಒಟ್ಟು 630 ಮೈಲಿ, ಅಂದರೆ ಸುಮಾರು 1,014 ಕಿ.ಮೀ. ನಾನು ನಡೆದದ್ದು ಮೊದಲ ನಾಲ್ಕು ದಿನ ಮಾತ್ರ. ಆದರೂ ಮೈಸೂರಿನ ದೇವರಾಜ ಅರಸು ರಸ್ತೆಯ ಆ ಸಣ್ಣ ಶೂ ಅಂಗಡಿಗೆ ಥ್ಯಾಂಕ್ಸ್ ಹೇಳಲೇಬೇಕು.

ಬೆಳಿಗ್ಗೆ ಹೋದರೆ, "ಸಂಜೆ ಬನ್ನಿ, ಆಗ ಪಾದ ಸ್ವಲ್ಪ ಊದಿರುತ್ತೆ, ಅಳತೆ ಸರಿಯಾಗಿ ಸಿಗುತ್ತೆ" ಎಂದು ವಾಪಸ್ ಕಳಿಸಿದರು. ಬಂದ ಗಿರಾಕಿಗೆ ಹೀಗೆ ಹೇಳುವವರು ಎಷ್ಟು ಜನ ಸಿಗ್ತಾರೆ? ಸಂಜೆ ದಪ್ಪ ಉಣ್ಣೆ ಕಾಲುಚೀಲ ಹಾಕಿಸಿ, ಹಿಮ್ಮಡಿಯ ಹಿಂದೆ ಒಂದು ಬೆರಳು ತೂರಿಸಿ ನೋಡಿ, ಅರ್ಧ ಸೈಜ್ ದೊಡ್ಡದೇ ಕೊಟ್ಟರು. ಇಳಿಜಾರಿನಲ್ಲಿ ಹೆಬ್ಬೆರಳು ಮುಂದೆ ತಾಗಬಾರದು, ಅಲ್ವಾ? ಆಮೇಲೆ ಒಂದು ತಿಂಗಳು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು ಶೂ ಪಳಗಿಸಿದೆ.

ಮೈನ್‌ಹೆಡ್‌ನಲ್ಲಿ ಎರಡು ಕೈ ನಕ್ಷೆ ಹಿಡಿದಿರುವ ದೊಡ್ಡ ಲೋಹದ ಶಿಲ್ಪವಿದೆ. ದಾರಿ ಶುರುವಾಗುವುದು ಅಲ್ಲಿಂದಲೇ. ಕಡಲ ಪಕ್ಕದ ದಾರಿ ಸಮತಟ್ಟಾಗಿರುತ್ತೆ ಅಂದುಕೊಳ್ಳಬೇಡಿ, ಊರು ದಾಟಿದ ಕೂಡಲೇ ಮರಗಳ ನಡುವೆ ನಾರ್ತ್ ಹಿಲ್ ಏರು ಶುರು. ಕಂಬಗಳ ಮೇಲಿನ ಓಕ್ ಕಾಯಿಯ ಗುರುತು ನೋಡಿಕೊಂಡು ಹೋದರಾಯಿತು. ಎರಡನೇ ದಿನ ಮಳೆ, ಕೆಸರು. ಕಾಲಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ! ಲೇಸ್ ಮಾತ್ರ ಸ್ವಲ್ಪ ಉದ್ದ ಜಾಸ್ತಿ, ಎರಡು ಗಂಟು ಹಾಕಿಕೊಳ್ಳಿ.