ವರ್ಣನ್ಯಾಯ ಮತ್ತು ಸಂಧಾನ: ಒಂದು ಸಂಜೆ ತರಗತಿಯ ವಿಮರ್ಶೆ

ಬೆಂಗಳೂರಿನ ಕಂಟೋನ್ಮೆಂಟ್ ಭಾಗದ ಚರ್ಚೊಂದರ ಸಭಾಂಗಣದಲ್ಲಿ ವರ್ಣದ ಹೆಸರಿನ ಅನ್ಯಾಯ ಮತ್ತು ಸಂಧಾನದ ಕುರಿತು ಭಾನುವಾರ ಸಂಜೆ ನಡೆಯುವ ಈ ಅಧ್ಯಯನ ತರಗತಿಗೆ ಯಾವ ಮತದವರೂ ಸೇರಬಹುದು. ಶುಲ್ಕವಿಲ್ಲ, ಇಷ್ಟವಿದ್ದವರು ಕಾಣಿಕೆ ಹಾಕುತ್ತಾರೆ. ಪಾಠ ತಿಳಿಗನ್ನಡದಲ್ಲಿ ನಡೆಯುತ್ತದೆ. ಇಂಥ ವಿಷಯಕ್ಕೆ ಈ ನಗರದಲ್ಲಿ ಅದು ಅಪರೂಪ.

ತರಗತಿಯ ಸತ್ವವಿರುವುದು ದಕ್ಷಿಣ ಆಫ್ರಿಕಾದ ಪಾಠಗಳಲ್ಲಿ. ಕರಿಯರ ಜೊತೆ ಕೂರಲೊಪ್ಪದ ಕೆಲವು ಬಿಳಿಯರ ‘ದೌರ್ಬಲ್ಯ’ವನ್ನು ಪರಿಗಣಿಸಿ ಕರಿಯ ವಿಶ್ವಾಸಿಗಳಿಗೆ ಪ್ರತ್ಯೇಕ ಆರಾಧನೆ ನಡೆಸಬಹುದೆಂದು ಅಲ್ಲಿನ ಬಿಳಿಯರ ಪ್ರಾಬಲ್ಯದ ಡಚ್ ರಿಫಾರ್ಮ್ಡ್ ಚರ್ಚು 1857ರಲ್ಲಿ ಒಪ್ಪಿತು. ಆ ರಿಯಾಯಿತಿಯೇ ಬೆಳೆದು 1881ರಲ್ಲಿ ಪ್ರತ್ಯೇಕ ಚರ್ಚಾಯಿತು, ಮುಂದೆ ವರ್ಣಭೇದ ನೀತಿಗೆ ಧಾರ್ಮಿಕ ಸಮರ್ಥನೆಯೂ ಅಲ್ಲಿಂದಲೇ ಒದಗಿತು. ಹೀಗೆ ಹೊರಗಿಡಲ್ಪಟ್ಟವರೇ 1982ರಲ್ಲಿ ಬೆಲ್ಹಾರ್ ವಿಶ್ವಾಸ ಪ್ರಮಾಣದ ಕರಡು ಸಿದ್ಧಪಡಿಸಿ, 1986ರಲ್ಲಿ ಅಂಗೀಕರಿಸಿ, ದೇವರು ಅನ್ಯಾಯಕ್ಕೊಳಗಾದವರ ಪಕ್ಷದಲ್ಲಿದ್ದಾನೆಂದು ಸಾರಿದರು. ಈ ಸರಣಿಯನ್ನು ಬೋಧಕರು ಅವಸರವಿಲ್ಲದೆ, ಮೂಲಪಾಠಗಳನ್ನು ಓದಿಸುತ್ತಲೇ ಬಿಡಿಸಿಟ್ಟರು.

ಅತ್ಯಂತ ತೂಕದ ಚರ್ಚೆ ನಡೆದದ್ದು ದಕ್ಷಿಣ ಆಫ್ರಿಕಾದ ಚರ್ಚುಗಳು ಸೇರಿದ್ದ 1990ರ ರುಸ್ಟೆನ್‌ಬರ್ಗ್ ಸಮ್ಮೇಳನದ ಕುರಿತು. ಡಚ್ ರಿಫಾರ್ಮ್ಡ್ ಚರ್ಚಿನ ದೇವತಾಶಾಸ್ತ್ರಜ್ಞ ವಿಲ್ಲಿ ಯೋಂಕರ್ ತಮ್ಮ ಹಾಗೂ ತಮ್ಮ ಚರ್ಚಿನ ಪಾಪವನ್ನು ಒಪ್ಪಿಕೊಂಡಾಗ ಕರಿಯ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಲ್ಲಿಯೇ ಕ್ಷಮೆ ನೀಡಿದರು. ಎಲ್ಲರ ಪರವಾಗಿ ಕ್ಷಮಿಸುವ ಅಧಿಕಾರ ಅವರಿಗಿತ್ತೇ ಎಂದು ಕೆಲವು ಪ್ರತಿನಿಧಿಗಳು ಅಂದೇ ಪ್ರಶ್ನಿಸಿದ್ದರು. ಭೂಮಿ ಕಳೆದುಕೊಂಡವರಿಗೆ ಭೂಮಿ ಮರಳದಿರುವಾಗ ಸಂಧಾನವೆಂದರೇನು ಎಂಬ ಪ್ರಶ್ನೆಯನ್ನು ಬೋಧಕರು ಸುಲಭದ ಉತ್ತರವಿಲ್ಲದೆ ನಮ್ಮ ಮುಂದಿಟ್ಟದ್ದು ನನಗೆ ಬಹಳ ಮೆಚ್ಚುಗೆಯಾಯಿತು. 1997ರ ನವೆಂಬರಿನಲ್ಲಿ ವರ್ಣಭೇದ ಕಾಲದ ಅನ್ಯಾಯಗಳನ್ನು ವಿಚಾರಿಸಿದ ಸತ್ಯ ಮತ್ತು ಸಂಧಾನ ಆಯೋಗದೆದುರು ಹಿಂದೂ, ಮುಸ್ಲಿಂ ಸಂಸ್ಥೆಗಳೂ ತಮ್ಮ ಪಾತ್ರವನ್ನು ವಿವರಿಸಿದ್ದವೆಂಬ ಮಾತು ಮಾತ್ರ ಒಂದೇ ವಾಕ್ಯದಲ್ಲಿ ಮುಗಿಯಿತು.

ಬೆಂಗಳೂರಿನ ಪಾಲಿಗೆ ಉಳಿದದ್ದು ಕೊನೆಯ ತರಗತಿಯ ಒಂದು ತುಣುಕು. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ರೈಲು ಹತ್ತಿದ ನಗರವಿದು. 2016ರ ಜನವರಿಯಲ್ಲಿ ಬೇರೊಬ್ಬರು ಮಾಡಿದ ಅಪಘಾತಕ್ಕಾಗಿ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ನಡೆಸಿದ್ದೂ ಇಲ್ಲಿಯೇ. ಆಫ್ರಿಕಾದ ವಿದ್ಯಾರ್ಥಿಗಳು ಇದೇ ನಗರದಲ್ಲಿ ಆರಾಧನೆಗೆ ಕೂಡುತ್ತಿರುವಾಗ, ಅವರಲ್ಲಿ ಒಬ್ಬರನ್ನೂ ಮಾತಿಗೆ ಕರೆಯದಿರುವುದು ಈ ತರಗತಿಯ ದೊಡ್ಡ ಕೊರತೆ. ಅವರ ಅನುಭವ, ಮನೆ ಬಾಡಿಗೆಗೆ ಕೊಡುವವರೂ ಕೇಳಬೇಕಾದ ಪಾಠ.

ಆದರೂ ಸೇರಿರೆಂದೇ ಹೇಳುತ್ತೇನೆ. ಸಂಘಟಕರು ಮುಂದಿನ ಸರಣಿಯಲ್ಲಿ ಎರಡು ಸಂಜೆಗಳನ್ನಾದರೂ ಈ ನಗರಕ್ಕೆ ಮೀಸಲಿಡಲಿ, ಆ ವಿದ್ಯಾರ್ಥಿಗಳನ್ನು ಬೋಧಕರ ಪಕ್ಕದಲ್ಲಿ ಕೂರಿಸಲಿ.