ಸ್ಮ್ಯಾಶ್ ಅಲ್ಟಿಮೇಟ್‌ನ ಅಮೀಬೊ ಫೈಟರ್: ಹೇಗೆ ಪಳಗಿಸಿದರೆ ಚೆನ್ನ?

ನಿಂಟೆಂಡೊ ಸ್ವಿಚ್ ಕನ್ಸೋಲ್‌ಗೆ 2018ರ ಡಿಸೆಂಬರ್‌ನಲ್ಲಿ ಬಂದ, ಎದುರಾಳಿಯನ್ನು ಸ್ಟೇಜ್‌ನಿಂದ ಹೊರಗೆ ಹೊಡೆದು ಗೆಲ್ಲುವ ಫೈಟಿಂಗ್ ಗೇಮ್ ಸೂಪರ್ ಸ್ಮ್ಯಾಶ್ ಬ್ರೋಸ್ ಅಲ್ಟಿಮೇಟ್‌ನಲ್ಲಿ ಕಂಪ್ಯೂಟರ್ ಆಡಿಸುವ ಫೈಟರ್‌ಗಳು ಎರಡು ಬಗೆ. ಒಂದು, 1ರಿಂದ 9ರವರೆಗೆ ಲೆವೆಲ್ ಇರುವ ಮಾಮೂಲಿ ಸಿಪಿಯು. ಇದಕ್ಕೆ ಕಲಿಕೆ ಇಲ್ಲ. ಇವತ್ತು ಆಡಿದ ಹಾಗೆಯೇ ಮುಂದಿನ ವರ್ಷವೂ ಆಡುತ್ತದೆ. ಇನ್ನೊಂದು, ಅಮೀಬೊ ಎಂಬ ಚಿಪ್ ಇರುವ ಗೊಂಬೆಯನ್ನು ಸ್ವಿಚ್‌ನ ಬಲಗೈ ಕಂಟ್ರೋಲರ್ ಆದ ಬಲ ಜಾಯ್-ಕಾನ್‌ನ ಸ್ಟಿಕ್‌ಗೆ ತಾಗಿಸಿದಾಗ ಕಣಕ್ಕಿಳಿಯುವ ಫಿಗರ್ ಪ್ಲೇಯರ್, ಚಿಕ್ಕದಾಗಿ ಎಫ್‌ಪಿ. ಇದು ಲೆವೆಲ್ 50ರವರೆಗೆ ಏರುತ್ತದೆ, ಎದುರಾಳಿಯನ್ನು ನೋಡಿ ಕಲಿಯುತ್ತದೆ, ಕಲಿತದ್ದು ಗೊಂಬೆಯ ಚಿಪ್‌ನಲ್ಲೇ ಉಳಿಯುತ್ತದೆ. ಗೊಂಬೆಯನ್ನು ಇನ್ನೊಬ್ಬರ ಸ್ವಿಚ್‌ಗೆ ಒಯ್ದರೆ ಕಲಿಕೆಯೂ ಜೊತೆಗೇ ಹೋಗುತ್ತದೆ. ಫೈಟಿಂಗ್ ಗೇಮ್‌ಗಳಲ್ಲಿ ಇಂಥ ಸೊಗಸಾದ ಸೌಲಭ್ಯ ಅಪರೂಪ. ಆದರೆ ತರಬೇತಿಯ ಬಗೆ ತಪ್ಪಿದರೆ ಲೆವೆಲ್ 50 ಮುಟ್ಟಿದ ಫೈಟರ್ ಕೂಡ ಪೆದ್ದಾಗಿಯೇ ಆಡುತ್ತದೆ.

ಲೆವೆಲ್ ಏರಿಸುವುದು ಕಷ್ಟವಲ್ಲ. ಶುರುವಿನ ಪಂದ್ಯಗಳಲ್ಲಂತೂ ಒಂದೇ ಸಲಕ್ಕೆ ಹಲವು ಲೆವೆಲ್ ಜಿಗಿಯುತ್ತದೆ. ಲೆವೆಲ್ ಕೊಡುವುದು ಚುರುಕನ್ನು ಮಾತ್ರ. ಏಟು ತಡೆಯುವ ಗುರಾಣಿಯನ್ನು (ಶೀಲ್ಡ್) ಕರಾರುವಾಕ್ಕಾಗಿ ಬಳಸುವ ಪರ್ಫೆಕ್ಟ್ ಶೀಲ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಏಟು ತಾಗುವ ಕ್ಷಣಕ್ಕೆ ಸರಿಯಾಗಿ ಶೀಲ್ಡ್ ಬಟನ್ ಬಿಡಬೇಕು. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುವ ಆಟದಲ್ಲಿ ಅದಕ್ಕೆ ಸಿಗುವ ಅವಕಾಶ 5 ಫ್ರೇಮ್. ಮನುಷ್ಯರಿಗೆ ಒದ್ದಾಟವಾಗುವ ಈ ಕೆಲಸ ಮೇಲಿನ ಲೆವೆಲ್‌ನ ಎಫ್‌ಪಿಗೆ ತಾನಾಗಿಯೇ ಬರುತ್ತದೆ. ನೀವು ಕಲಿಸಬೇಕಾದದ್ದು ಬೇರೆ: ಯಾವ ಪಟ್ಟನ್ನು ಹೆಚ್ಚು ಹಾಕಬೇಕು, ಎಲ್ಲಿ ನಿಲ್ಲಬೇಕು, ಯಾವುದರ ತಂಟೆಗೆ ಹೋಗಬಾರದು.

ಇಲ್ಲೊಂದು ಮುಖ್ಯ ಮಾತಿದೆ. ಎಫ್‌ಪಿ ಕಲಿಯುವುದು ಯಾವ ಪಟ್ಟನ್ನು ಎಷ್ಟು ಬಳಸಿದಿರಿ ಎಂಬುದನ್ನು. ಯಾಕೆ ಬಳಸಿದಿರಿ ಎಂಬುದು ಅದಕ್ಕೆ ತಿಳಿಯದು. ಮಾರಿಯೊ ತೆಗೆದುಕೊಳ್ಳಿ. ಎದುರಾಳಿಯ ಡ್ಯಾಮೇಜ್ ಕಡಿಮೆ ಇದ್ದಾಗ ಡೌನ್ ಥ್ರೋ (ಹಿಡಿದು ಕೆಳಕ್ಕೆ ಎಸೆತ) ಹಾಕಿ, ಮೇಲೆದ್ದವನಿಗೆ ಎರಡು ಅಪ್ ಟಿಲ್ಟ್ (ನೆಲದಲ್ಲಿ ನಿಂತು ಮೇಲಕ್ಕೆ ಏಟು) ಕೊಟ್ಟು, ಮೇಲೆ ಹಾರಿ ಅಪ್ ಏರ್‌ನಲ್ಲಿ (ಗಾಳಿಯಲ್ಲೇ ಮೇಲಕ್ಕೆ ಏಟು) ಮುಗಿಸುವುದು ಎಲ್ಲರಿಗೂ ಗೊತ್ತಿರುವ ಕಾಂಬೊ, ಎಂದರೆ ಸರಣಿ ಏಟು. ಇದನ್ನೇ ಇಪ್ಪತ್ತು ಸಲ ಆಡಿ ತೋರಿಸಿದರೆ ನಿಮ್ಮ ಮಾರಿಯೊ ಕಾಂಬೊ ಕಲಿಯುವುದಿಲ್ಲ; ಅಪ್ ಟಿಲ್ಟ್ ಬಹಳ ಒಳ್ಳೆಯದು ಎಂದಷ್ಟೇ ಕಲಿಯುತ್ತದೆ. ಆಮೇಲೆ ನೆಲದ ಮೇಲೆ ಎದುರಿಗೆ ನಿಂತವನಿಗೂ ತಲೆಯ ಮೇಲಿನ ಗಾಳಿಗೆ ಗುದ್ದುತ್ತಾ ಕೂರುತ್ತದೆ. ಕೈಚಳಕ ಇರುವ ಆಟಗಾರರ ಅಮೀಬೊ ಎಷ್ಟೋ ಸಲ ಸೋಲುವುದು ಇದೇ ಕಾರಣಕ್ಕೆ.

ತರಬೇತಿಗೆ ದಾರಿಗಳು ನಾಲ್ಕು. ಎಲ್ಲಕ್ಕಿಂತ ಸುಲಭದ್ದು, ಎಫ್‌ಪಿಯನ್ನು ಲೆವೆಲ್ 9 ಸಿಪಿಯು ಎದುರು ಬಿಟ್ಟು ಸುಮ್ಮನಿರುವುದು. ಲೆವೆಲ್ ಏರುತ್ತದೆ, ಆಟಕ್ಕೊಂದು ಗುರಿ ಇರುವುದಿಲ್ಲ. ಹಾಗೆ ಮಾಡುವುದಾದರೆ ಕಲಿಕೆಯ ಆಯ್ಕೆಯನ್ನು ಆಫ್ ಮಾಡಿ ಬಿಡಿ. ಎರಡನೆಯದು, ಮನೆಯವರು, ಗೆಳೆಯರೆಲ್ಲ ಸೇರಿ ನಾಲ್ಕು ಜನರ ಗಲಾಟೆಯ ಪಂದ್ಯಗಳಲ್ಲಿ ಬೆಳೆಸುವುದು. ಖುಷಿ ಇದೆ, ಆದರೆ ಹತ್ತು ಜನರ ಹತ್ತು ಚಾಳಿ ಒಂದೇ ತಲೆಗೆ ಸೇರುತ್ತದೆ. ಮೂರನೆಯದು, ಚೆನ್ನಾಗಿ ಪಳಗಿದ ಇನ್ನೊಂದು ಎಫ್‌ಪಿಯ ಜೊತೆ ಕಾದಾಡಿಸುವುದು. ಪರೀಕ್ಷೆಗೆ ಸರಿ, ಮೊದಲ ಪಾಠಕ್ಕೆ ಬೇಡ.

ನಾಲ್ಕನೆಯದು ಮಿರರ್ ಮ್ಯಾಚ್: ಎಫ್‌ಪಿಯ ಪಾತ್ರವನ್ನೇ ನೀವೂ ಆರಿಸಿಕೊಂಡು ಒಬ್ಬರೇ ಅದರ ಎದುರು ಆಡುವುದು. ನೀವು ಹಾಕಿದ ಪಟ್ಟು ಅದಕ್ಕೆ ನೇರವಾಗಿ ದಕ್ಕುತ್ತದೆ. ಉಳಿದ ಮೂರಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ಹಾಗೆ, ಲೆವೆಲ್ 1ರಿಂದಲೇ ಈ ದಾರಿ ಹಿಡಿಯಿರಿ.

ಪಂದ್ಯದ ರೂಲ್ಸ್ ಹೀಗಿರಲಿ: ಮೂರು ಸ್ಟಾಕ್ (ಜೀವ), ಕಣದಲ್ಲಿ ಬೀಳುವ ಐಟಂ ಎಲ್ಲ ಆಫ್, ಸ್ಟೇಜ್ ಹಜಾರ್ಡ್ (ಸ್ಟೇಜ್ ಒಡ್ಡುವ ಅಪಾಯ) ಆಫ್, ಫೈನಲ್ ಸ್ಮ್ಯಾಶ್ (ಮಹಾ ಏಟು) ಮೀಟರ್ ಆಫ್. ಸ್ಟೇಜ್ ಫೈನಲ್ ಡೆಸ್ಟಿನೇಷನ್, ಇಲ್ಲವೇ ಯಾವುದಾದರೂ ಸ್ಟೇಜ್‌ನ ಚಪ್ಪಟೆಯಾದ ಒಮೆಗಾ ರೂಪ. ಚಪ್ಪಟೆ ನೆಲ ಯಾಕೆಂದರೆ, ಪ್ಲಾಟ್‌ಫಾರ್ಮ್ ಇದ್ದರೆ ನೀವೂ ಹಾರುತ್ತೀರಿ, ಅದೂ ಹಾರಲು ಕಲಿಯುತ್ತದೆ. ಗಾಳಿಯಲ್ಲಿರುವ ಫೈಟರ್ ಶೀಲ್ಡ್ ಹಿಡಿಯುವ ಹಾಗಿಲ್ಲ, ಗ್ರ್ಯಾಬ್ ಮಾಡುವ (ಎದುರಾಳಿಯನ್ನು ಹಿಡಿಯುವ) ಹಾಗಿಲ್ಲ. ಎಫ್‌ಪಿಯ ದೊಡ್ಡ ಬಲವೇ ಅಲ್ಲಿ ಕೈತಪ್ಪುತ್ತದೆ.

ಬೌಸರ್‌ನಂಥ ಭಾರಿ ಪಾತ್ರಕ್ಕೆ ನಾಲ್ಕೈದು ಬಗೆಯ ಪಟ್ಟು ಸಾಕು. ಓಡದೆ ನಡೆದುಕೊಂಡು ಹತ್ತಿರ ಹೋಗಿ. ಹತ್ತು ದಾಳಿಯಲ್ಲಿ ಮೂರು ಫಾರ್ವರ್ಡ್ ಸ್ಮ್ಯಾಶ್ (ಮುಂದಕ್ಕೆ ಭಾರಿ ಏಟು), ಮೂರು ಫಾರ್ವರ್ಡ್ ಟಿಲ್ಟ್ (ಮುಂದಕ್ಕೆ ಹಗುರ ಏಟು), ಎರಡು ಗ್ರ್ಯಾಬ್ ಇರಲಿ, ಉಳಿದ ಎರಡು ಅಪ್ ಸ್ಮ್ಯಾಶ್ ಅಥವಾ ಡೌನ್ ಟಿಲ್ಟ್. ಒಂದೇ ಪಟ್ಟನ್ನು ಉಜ್ಜಬೇಡಿ: ಕೊನೆಯ ಒಂಬತ್ತು ಏಟುಗಳನ್ನು ಆಟ ನೆನಪಿಟ್ಟುಕೊಂಡು, ಮತ್ತೆ ಮತ್ತೆ ಬಂದ ಏಟಿನ ಶಕ್ತಿ ಇಳಿಸುತ್ತದೆ. ಎದುರಾಳಿ ಅಂಚಿನಲ್ಲಿ ನೇತಾಡುವಾಗ ಬೌಸರ್ ಹೊರಗೆ ಹಾರದೆ ಅಲ್ಲೇ ನಿಂತು ಕಾದು ಹೊಡೆಯಲಿ. ಮರಳಿ ಸ್ಟೇಜ್ ಹತ್ತುವ ಶಕ್ತಿ ಚೆನ್ನಾಗಿರುವ ಪಾತ್ರವಾದರೆ ಹೊರಗೆ ಹೋಗಿ ಹೊಡೆಯುವುದನ್ನೂ ಕಲಿಸಬಹುದು. ಅದರಲ್ಲಿ ತೀರಾ ದುರ್ಬಲನಾದ ಲಿಟಲ್ ಮ್ಯಾಕ್‌ಗೆ ಖಂಡಿತ ಬೇಡ.

ಸ್ಮ್ಯಾಶ್ ಏಟಿನ ಬಟನ್ ಒತ್ತಿ ಹಿಡಿದು ಚಾರ್ಜ್ ಮಾಡುವುದು (ಬಲ ತುಂಬುವುದು) ಎಲ್ಲಕ್ಕಿಂತ ಕೆಟ್ಟ ಪಾಠ. ಪೂರ್ತಿ ಚಾರ್ಜ್‌ಗೆ 60 ಫ್ರೇಮ್, ಎಂದರೆ ಒಂದು ಸೆಕೆಂಡ್ ಬೇಕು. ಸಿಗುವ ಲಾಭ 1.4 ಪಟ್ಟು ಡ್ಯಾಮೇಜ್. ಇದನ್ನು ಚಟ ಮಾಡಿಕೊಂಡ ಎಫ್‌ಪಿ ಎದುರಾಳಿ ಎಲ್ಲೋ ದೂರದಲ್ಲಿದ್ದರೂ ಚಾರ್ಜ್ ಹಿಡಿದು ನಿಂತಿರುತ್ತದೆ. ಟಾಂಟ್ (ಅಣಕ) ಮಾಡಬೇಡಿ. ಸುಮ್ಮನೆ ಉರುಳಾಡಬೇಡಿ. ದೂರದಿಂದ ಪ್ರೊಜೆಕ್ಟೈಲ್ (ಬೆಂಕಿಯುಂಡೆಯಂಥದ್ದು) ಎಸೆಯುತ್ತಾ ಇರಬೇಡಿ. ತರಬೇತಿಯಲ್ಲಿ ನೀವು ಶೀಲ್ಡ್ ಹಿಡಿಯುವುದನ್ನೂ ಆದಷ್ಟು ಕಡಿಮೆ ಮಾಡಿ. ರಕ್ಷಣೆ ಅದಕ್ಕೆ ಲೆವೆಲ್‌ನಿಂದಲೇ ಬರುವಾಗ ಮೇಲಿಂದ ನೀವೂ ಕಲಿಸಿದರೆ ದಾಳಿ ಮರೆತು ಶೀಲ್ಡ್ ಒಳಗೇ ಕೂರುತ್ತದೆ.

ಪಾತ್ರದ ಆಯ್ಕೆಯೂ ಅರ್ಧ ಕೆಲಸ. ಒಂದೊಂದೇ ಏಟು ಬಲವಾಗಿರುವ ಬೌಸರ್, ಇನ್ಸಿನರೋರ್, ಕಿಂಗ್ ಕೆ. ರೂಲ್ ಎಫ್‌ಪಿಯ ಕೈಯಲ್ಲಿ ಹೊಳೆಯುತ್ತವೆ. ಸರಣಿ ಏಟುಗಳಿಂದಲೇ ಬದುಕುವ ಶೀಕ್‌ನಂಥ ಪಾತ್ರಕ್ಕೆ ಮನುಷ್ಯರ ಬೆರಳೇ ಬೇಕು.

ಆಟದಲ್ಲಿ ಸಂಗ್ರಹಿಸಿದ ಸ್ಪಿರಿಟ್‌ಗಳನ್ನು ಬಲಕ್ಕಾಗಿ ಎಫ್‌ಪಿಗೆ ತಿನ್ನಿಸುವುದನ್ನು ಕೊನೆಗಿಡಿ. ಕೊಟ್ಟ ಸ್ಪಿರಿಟ್ ನಿಮ್ಮ ಸಂಗ್ರಹದಿಂದ ಹೋಗುತ್ತದೆ, ಆದ್ದರಿಂದ ಅಪರೂಪದ್ದನ್ನು ಆತುರದಲ್ಲಿ ಕೊಡಬೇಡಿ. ಸ್ಪಿರಿಟ್ ಬಲ ಕೊಡುತ್ತದೆ, ಬುದ್ಧಿ ಕೊಡುವುದಿಲ್ಲ. ಆಟೋಹೀಲ್ (ಡ್ಯಾಮೇಜ್ ತಾನಾಗಿ ಇಳಿಯುವ ಶಕ್ತಿ) ಹಾಕಿದ ಫೈಟರ್ ಗೆಲ್ಲುತ್ತಿದ್ದರೆ ಅದರ ಕೆಟ್ಟ ಚಾಳಿ ಕಣ್ಣಿಗೇ ಬೀಳುವುದಿಲ್ಲ.

ಈ ಸೌಲಭ್ಯದ ದೊಡ್ಡ ಕೊರತೆ, ಕಲಿತದ್ದೇನು ಎಂದು ತೋರಿಸುವ ಒಂದು ಪರದೆಯೂ ಇಲ್ಲದಿರುವುದು. ಇನ್ನೊಂದು ಫೈಟಿಂಗ್ ಗೇಮ್ ಟೆಕ್ಕೆನ್ 8ರಲ್ಲಿ ಘೋಸ್ಟ್ ಎಂಬ ಕಂಪ್ಯೂಟರ್ ಎದುರಾಳಿ ನಿಮ್ಮ ಆಟದ ರೀತಿಯನ್ನೇ ಹೊತ್ತುಕೊಂಡು ಬರುವುದರಿಂದ ಅದರ ಎದುರು ಎರಡು ರೌಂಡ್ ಆಡಿದರೆ ನಿಮ್ಮ ತಪ್ಪು ನಿಮಗೇ ಕಾಣುತ್ತದೆ. ಇಲ್ಲಿ ತಪ್ಪು ತಿದ್ದುವ ಬಟನ್ ಇಲ್ಲ, ಒಂದು ಪಾಠವನ್ನಷ್ಟೇ ಅಳಿಸುವ ದಾರಿಯೂ ಇಲ್ಲ. ಪೂರ್ತಿ ಡೇಟಾ ಅಳಿಸಿ ಲೆವೆಲ್ 1ಕ್ಕೆ ಮರಳಬೇಕು, ಇಲ್ಲವೇ ಸರಿಯಾದದ್ದನ್ನೇ ಆಡಿ ಆಡಿ ಹಳೆಯದನ್ನು ತೆಳುವಾಗಿಸಬೇಕು.

ಮೆನುಗೆ ಮರಳುವಾಗ ಗೊಂಬೆಯನ್ನು ಮತ್ತೆ ತಾಗಿಸಿ ಸೇವ್ ಮಾಡದಿದ್ದರೆ ಅಷ್ಟೂ ಪಂದ್ಯದ ಕಲಿಕೆ ನೀರುಪಾಲು. ಬರೆದು ಮುಗಿಯುವ ತನಕ ಗೊಂಬೆ ಎತ್ತಬೇಡಿ. ಲೆವೆಲ್ 50 ಆದ ಮೇಲೆ ಕಲಿಕೆ ಆಫ್ ಮಾಡಿ, ಲೆವೆಲ್ 9 ಸಿಪಿಯು ಎದುರು ಮೂರು ಸ್ಟಾಕ್‌ಗೆ ಬಿಟ್ಟು ಕಣ್ಣಿಟ್ಟು ನೋಡಿ. ಬೇಡದ ಚಾರ್ಜ್, ಅನಗತ್ಯ ಜಿಗಿತ, ಒಂದೇ ಪಟ್ಟಿನ ಹಟ ಇವುಗಳಲ್ಲಿ ಯಾವುದು ಕಂಡರೂ ಕಲಿಕೆ ಆನ್ ಮಾಡಿ, ಆ ಒಂದು ದೋಷಕ್ಕೆಂದೇ ಇನ್ನೈದು ಮಿರರ್ ಮ್ಯಾಚ್ ಆಡಿ, ಮತ್ತೆ ಆಫ್ ಮಾಡಿ.