ಬಿ.ಕಾಂ. ಜೊತೆ ‘ಇಂಟಿಗ್ರೇಟೆಡ್ ಎಸಿಸಿಎ’ ಅಂದರೆ, ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಪಿಯುಸಿ ಮುಗಿಸಿ ಬಿ.ಕಾಂ.ಗೆ ಸೇರುತ್ತಿರುವವರು, ಅವರ ಅಪ್ಪ ಅಮ್ಮಂದಿರು ದಯವಿಟ್ಟು ಓದಿ. ಎಸಿಸಿಎ ಅಂದರೆ ಬ್ರಿಟನ್ನಿನ ಸಂಸ್ಥೆಯೊಂದು ಕೊಡುವ ಅಕೌಂಟಿಂಗ್ ಅರ್ಹತೆ; ಅದರ ಪೇಪರ್‌ಗಳನ್ನು ಪಾಸು ಮಾಡಬೇಕು. ಅಡ್ಮಿಷನ್ ಕೌಂಟರ್‌ನಲ್ಲಿ ‘ಇಂಟಿಗ್ರೇಟೆಡ್ ಎಸಿಸಿಎ’ ಅಂದ ತಕ್ಷಣ ದುಡ್ಡು ಕಟ್ಟಬೇಡಿ. ಅವತ್ತೇ ಅಂತೂ ಕಟ್ಟಲೇಬೇಡಿ. ಕಾಲೇಜು ಫೀಸು ಬಿಟ್ಟು ನಮ್ಮ ಮನೆಯಿಂದ 85 ಸಾವಿರ ಹೋಗಿದೆ.

ಬೆಂಗಳೂರಿನ ಒಂದು ಖಾಸಗಿ ಕಾಲೇಜು. ತಿಪಟೂರಿನಿಂದ ಅಪ್ಪ ಜೊತೆಗೆ ಬಂದಿದ್ದರು. ಕೌಂಟರ್‌ನಲ್ಲಿದ್ದ ಮೇಡಂ ಬಣ್ಣದ ಬ್ರೋಷರ್ ಬಿಚ್ಚಿ, “13 ಪೇಪರ್‌ನಲ್ಲಿ 9 ಎಕ್ಸೆಂಪ್ಷನ್ ಸರ್. ನಿಮ್ಮ ಮಗಳು ಬರೀಬೇಕಾಗಿರೋದು ನಾಲ್ಕೇ ಪೇಪರ್” ಅಂದರು. ಆ 9ಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿದರು. “ಕಂಪಲ್ಸರಿನಾ ಮೇಡಂ?” ಅಂತ ಅಪ್ಪ ಕೇಳಿದರು. “ಆಪ್ಷನಲ್ಲೇ ಸರ್. ಆದ್ರೆ ಸೀಟು ಕೆಲವೇ ಉಳಿದಿರೋದು. ನಾಳೆ ಬಂದ್ರೆ ಗ್ಯಾರಂಟಿ ಕೊಡಕ್ಕಾಗಲ್ಲ.” ಅಪ್ಪ ಹೊರಗೆ ಹೋಗಿ ಚಿಕ್ಕಪ್ಪನಿಗೆ ಫೋನ್ ಮಾಡಿ, ಕೊಬ್ಬರಿ ಮಾರಿದ ದುಡ್ಡು ಹಾಕಿಸಿಕೊಂಡು ಕಟ್ಟಿದರು. ಮೂರು ವರ್ಷದ್ದೂ ಒಟ್ಟಿಗೇ.

ಕ್ಲಾಸಿನ ಬಗ್ಗೆ ಜಾಸ್ತಿ ಹೇಳಲ್ಲ. ಹೊರಗಿನ ಸಂಸ್ಥೆಯವರು ಬಂದು ಸ್ಲೈಡ್ ಓದಿ ಹೋಗುತ್ತಿದ್ದರು. ನಮ್ಮ ಬ್ಯಾಚ್‌ಗೆ ಐಚ್ಛಿಕ ವಿಷಯ ಆರಿಸಿಕೊಳ್ಳಲೂ ಬಿಡಲಿಲ್ಲ. ಟೈಮ್‌ಟೇಬಲ್ ಹೊಂದಲ್ಲ ಅಂತ ಅವರೇ ಒಂದು ಹಾಕಿಬಿಟ್ಟರು.

ಎರಡನೇ ಸೆಮಿಸ್ಟರ್‌ನಲ್ಲಿ ಸೀನಿಯರ್ ಅಕ್ಕ ಒಬ್ಬರು ಎಸಿಸಿಎ ವೆಬ್‌ಸೈಟಿನ ಎಕ್ಸೆಂಪ್ಷನ್ ಕ್ಯಾಲ್ಕುಲೇಟರ್ ತೋರಿಸಿದರು. ದೇಶ, ವಿದ್ಯಾಸಂಸ್ಥೆ, ಪದವಿ ಆರಿಸಿದರೆ ಎಷ್ಟು ಪೇಪರ್‌ಗೆ ವಿನಾಯಿತಿ ಅಂತ ಅದೇ ಹೇಳುತ್ತದೆ. ನನ್ನದು ಹಾಕಿದೆ. 4 ಅಂತ ಬಂತು. ತಪ್ಪು ಒತ್ತಿರಬೇಕು ಅಂತ ಮತ್ತೆ ಹಾಕಿದೆ. ಮತ್ತೆ 4. ಎಲ್ಲ ಬಿ.ಕಾಂ.ಗೂ 9 ಸಿಗುವುದಿಲ್ಲ. ಸಿಗುವ ವಿನಾಯಿತಿಯೂ ಪುಕ್ಕಟೆ ಅಲ್ಲ, ಒಂದೊಂದು ಪೇಪರ್‌ಗೂ ಪೌಂಡ್ ಲೆಕ್ಕದಲ್ಲಿ ಶುಲ್ಕ ಇದೆ. ವರ್ಷ ವರ್ಷ ಚಂದಾ ಬೇರೆ. ಇದನ್ನೆಲ್ಲ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಆಫೀಸಿಗೆ ಹೋದರೆ, “ಅದು ನಮ್ಮದಲ್ಲಮ್ಮ, ಟ್ರೈನಿಂಗ್‌ನವರ ಹತ್ರ ಮಾತಾಡು.” ಅವರಿಗೆ ಫೋನ್ ಮಾಡಿದರೆ, “ನೀವು ದುಡ್ಡು ಕಟ್ಟಿರೋದು ಕಾಲೇಜಲ್ಲಿ ಅಲ್ವಾ? ಅಲ್ಲೇ ಕೇಳಿ.” ವಾಪಸ್ ಹೋಗಿ ಬ್ರೋಷರ್ ಮುಂದಿಟ್ಟೆ. ಆಗ ಮೇಡಂ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಅಪ್ ಟು 9 ಅಂತ ಹಾಕಿದ್ದೀವಲ್ಲಮ್ಮ. 4 ಕೂಡ ಅದರೊಳಗೇ ಬರುತ್ತೆ.” ನೋಡಿದೆ. ‘ಅಪ್ ಟು’ ಅಂತ ಇತ್ತು, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಅವರು ಹಾಕಿದ ಸುತ್ತಿನ ಆಚೆ.

ರಸೀದಿ ತೆಗೆದು ನೋಡಿದರೆ ಎಸಿಸಿಎ ಅನ್ನುವ ಪದವೇ ಇಲ್ಲ. ‘ಸ್ಕಿಲ್ ಡೆವಲಪ್‌ಮೆಂಟ್ ಫೀ’ ಅಂತ ಇದೆ, ಅದೂ ಯಾವುದೋ ಟ್ರಸ್ಟ್ ಹೆಸರಲ್ಲಿ. ಮಗಳು ಎಸಿಸಿಎ ಮಾಡ್ತಿದ್ದಾಳೆ ಅಂತ ಅಪ್ಪ ಊರೆಲ್ಲ ಹೇಳಿಕೊಂಡಿದ್ದರು. ಅವರಿಗೆ ಫೋನಿನಲ್ಲಿ ಇದನ್ನು ಹೇಳುವಾಗ ನನಗೆ ಮಾತೇ ಹೊರಡಲಿಲ್ಲ. ಅವರು “ಹೋಗಲಿ ಬಿಡು ಮಗ” ಅಂದರು. ಹೋಗಲಿ ಅಂತ ಬಿಡೋಕೆ ನನಗಂತೂ ಆಗುತ್ತಿಲ್ಲ.

ಸೇರುವ ಮುಂಚೆ ಆ ಕ್ಯಾಲ್ಕುಲೇಟರ್‌ನಲ್ಲಿ ನೀವೇ ನೋಡಿ, ಅವರ ಮಾತು ನಂಬಬೇಡಿ. ಎಷ್ಟು ಪೇಪರ್ ಅಂತ ಲೆಟರ್‌ಹೆಡ್‌ನಲ್ಲಿ ಬರೆದು ಕೊಡಿ ಅನ್ನಿ, ಕೊಡಲ್ಲ ಅಂದರೆ ಎದ್ದು ಬನ್ನಿ. ನಿಮ್ಮ ಕಾಲೇಜು ರಾಜ್ಯದ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ, ಡಿಗ್ರಿಗೆ ಯಾವ ವಿಷಯ ಬೇಕು ಅಂತ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ (ಪ್ರವೇಶ, ಪರೀಕ್ಷೆಗೆ ಇರುವ ರಾಜ್ಯ ಸರ್ಕಾರದ ವೆಬ್‌ಸೈಟು) ನೋಡಿಕೊಳ್ಳಿ. ಅದರಲ್ಲಿ ಇಲ್ಲದ್ದಕ್ಕೆ ಬಲವಂತ ಮಾಡಿದರೆ ಯಾಕೆ ಅಂತ ಕೇಳಿ. ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ್ದಕ್ಕಿಂತ ಜಾಸ್ತಿ ಫೀಸು ಮುಂಗಡ ಕಟ್ಟಿಸಿಕೊಳ್ಳಬಾರದು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಹಿಡಿದಿಟ್ಟುಕೊಳ್ಳಬಾರದು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ.

ಕಾಲೇಜಿನ ಕುಂದುಕೊರತೆ ಸಮಿತಿಗೆ ದೂರು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡಿದ್ದೇನೆ. ಯುಜಿಸಿಯ 2023ರ ನಿಯಮದ ಪ್ರಕಾರ ಅವರು 15 ಕೆಲಸದ ದಿನದೊಳಗೆ ವರದಿ ಕೊಡಬೇಕು. ಕೊಡದಿದ್ದರೆ ವಿದ್ಯಾರ್ಥಿಗಳ ದೂರು ಕೇಳೋಕೆ ಇರುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಹತ್ತಿರ ಹೋಗುತ್ತೇನೆ. ನಿಮ್ಮ ರಸೀದಿಯಲ್ಲೂ ಹೀಗೇ ‘ಸ್ಕಿಲ್ ಡೆವಲಪ್‌ಮೆಂಟ್ ಫೀ’ ಅಂತ ಇದ್ದರೆ ಅದನ್ನು ಎಸೆಯಬೇಡಿ, ಬ್ರೋಷರ್ ಕೂಡ ಇಟ್ಟುಕೊಳ್ಳಿ. ನನಗೆ ತಿಳಿಸಿ, ಎಲ್ಲರೂ ಸೇರಿ ದೂರು ಕೊಡೋಣ.